ನಾಲ್ಕು ಸೆಲ್ಲು, ಒಂದು ಮೀಟರು

ಹೆಬ್ಬೆರಳಿಗಿಂತ ತುಸು ಉದ್ದದ ಒಂದು ಸೆಲ್ಲು. ಮೈಗೆ ಕೆಂಪು ಪ್ಲಾಸ್ಟಿಕ್ಕಿನ ಅಂಗಿ, ಅದರ ಮೇಲೆ ದಪ್ಪಕ್ಷರದಲ್ಲಿ 9900 ಎಂಎಎಚ್ ಎಂಬ ಬರಹ. ಟಾರ್ಚು, ಕೈಫ್ಯಾನು ಮಾರುವ ಕಡೆಯೆಲ್ಲ ಇಂಥದ್ದು ಸಿಗುತ್ತದೆ, ಬೆಲೆಯೂ ಅಗ್ಗ. ಇದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟರೆ ಅಂಕೆ 30–40 ಗ್ರಾಮಿಗೇ ನಿಂತುಬಿಡುವುದುಂಟು. ಪಕ್ಕದಲ್ಲೇ ಹೆಸರಾಂತ ಕಂಪನಿಯ ಇದೇ ಅಳತೆಯ ಸೆಲ್ ಇಟ್ಟು ನೋಡಿದರೆ 45ರಿಂದ 50 ಗ್ರಾಂ ತೂಗುತ್ತದೆ. ಅದರ ಮೇಲೆ ಬರೆದಿರುವುದು ಮಾತ್ರ 2600, ಹೆಚ್ಚೆಂದರೆ 3500.

18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದದ ಈ ದುಂಡು ಸೆಲ್ಲಿಗೆ 18650 ಎಂದೇ ಹೆಸರು. ಇಷ್ಟು ಚಿಕ್ಕ ಡಬ್ಬಿಯೊಳಗೆ ಎಷ್ಟು ತಾಮ್ರದ ಹಾಳೆ, ಎಷ್ಟು ಗ್ರಾಫೈಟು, ಎಷ್ಟು ಲೀಥಿಯಂ ಸಂಯುಕ್ತ ಸುತ್ತಿಡಬಹುದು ಎಂಬುದಕ್ಕೆ ಮಿತಿಯಿದೆ. ದೊಡ್ಡ ಕಂಪನಿಗಳು ವರ್ಷಗಟ್ಟಲೆ ತಿಣುಕಿ 3500ರ ಸುತ್ತಮುತ್ತ ಮುಟ್ಟಿಸಿವೆ. 9900 ಎಂಬುದು ಅಚ್ಚಿನ ಯಂತ್ರ ಹೇಳಿದ ಮಾತು ಅಷ್ಟೆ. ಇಂಥ ನಕಲಿಗಳನ್ನು ಬಿಚ್ಚಿ ನೋಡಿದವರಿಗೆ ಒಳಗೊಂದು ಪುಟ್ಟ ಸೆಲ್ಲೂ ಅದರ ಸುತ್ತ ತುಂಬಿದ ಪುಡಿಯೂ ಸಿಕ್ಕಿದ ಉದಾಹರಣೆಗಳಿವೆ. ಮನೆಯಲ್ಲೇ ಬ್ಯಾಟರಿ ಬ್ಯಾಂಕ್ ಕಟ್ಟಲು ಹೊರಟವರಿಗೆ ಮೊದಲ ಪಾಠ ಕಲಿಸುವುದು ಈ ತಕ್ಕಡಿಯೇ: ಕೊಂಡದ್ದು ಏನೆಂದು ತಿಳಿಯಬೇಕಾದರೆ ಅಳೆಯಬೇಕು.

ಮನೆಯಲ್ಲೇ ಬ್ಯಾಟರಿ ಕಟ್ಟಲು ಜನ ಕೈ ಹಾಕುತ್ತಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಮನೆಗಳಲ್ಲಿ ಯುಪಿಎಸ್ ಎಂದರೆ ಮೆಟ್ಟಿಲ ಕೆಳಗೆ ಕೂತ ಇನ್ವರ್ಟರು ಮತ್ತು ಅದರ ಪಕ್ಕ, ಇಬ್ಬರು ಹಿಡಿದೆತ್ತಬೇಕಾದ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಸೀಸ–ಆಮ್ಲದ ಟ್ಯೂಬುಲರ್ ಬ್ಯಾಟರಿ. ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಟರ್ಮಿನಲ್ಲಿನ ಹಸಿರು ಕಿಲುಬು ಒರೆಸಬೇಕು. ಕೆಲವು ವರ್ಷ ಕಳೆದರೆ ಹೊಸದಕ್ಕೆ ದುಡ್ಡು ಹೊಂದಿಸಬೇಕು. ಮಲೆನಾಡಿನಲ್ಲಿ ಮಳೆಗಾಲದ ಗಾಳಿಗೆ ಮರ ಮುರಿದು ಲೈನಿನ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟಿರುವುದಿಲ್ಲ. ಸೀಸ–ಆಮ್ಲದ ಬ್ಯಾಟರಿ ಖಾಲಿಯಾಗಿ ಹಾಗೆಯೇ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಅದರ ಆಯಸ್ಸು ಅಲ್ಲಿಗೇ ಅರ್ಧ ಕರಗಿತು. ಹಾಗೆ ಆಗಬಾರದೆಂದರೆ 150 ಎಎಚ್‌ನಲ್ಲಿ ಅರ್ಧವನ್ನಷ್ಟೇ ಬಳಸಿ ನಿಲ್ಲಿಸಬೇಕು.

ಇತ್ತ ಲೀಥಿಯಂ ಬೆಲೆ ಇಳಿಯುತ್ತಲೇ ಬಂದಿದೆ. ಬ್ಲೂಂಬರ್ಗ್‌ಎನ್‌ಇಎಫ್ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ 2010ರಲ್ಲಿ ಪ್ರತಿ ಕಿಲೋವ್ಯಾಟ್-ಅವರ್‌ಗೆ 1000 ಡಾಲರ್‌ಗೂ ಮೇಲಿದ್ದ ಲೀಥಿಯಂ-ಅಯಾನ್ ಪ್ಯಾಕಿನ ಸರಾಸರಿ ಬೆಲೆ 2024ರ ಹೊತ್ತಿಗೆ 115 ಡಾಲರ್‌ಗೆ ಬಂತು. ಚೀನಾದಲ್ಲಿ ಕಾರುಗಳಿಗೆಂದು, ಸೋಲಾರ್ ಸಂಗ್ರಹಕ್ಕೆಂದು ಲಕ್ಷಗಟ್ಟಲೆ ತಯಾರಾಗುವ ಸೆಲ್‌ಗಳು ಬಿಡಿಯಾಗಿ ವ್ಯಾಪಾರಿಗಳ ಕೈಗೂ ಬರುತ್ತಿವೆ. ಕಂಪನಿಯ ಮೊಹರಿನ ಪ್ಯಾಕ್ ಕೊಳ್ಳುವ ಬದಲು ಬಿಡಿ ಸೆಲ್ ತಂದು ತಾವೇ ಜೋಡಿಸಿದರೆ ಉಳಿತಾಯ ಎಂಬ ಲೆಕ್ಕ ಹುಟ್ಟಿದ್ದು ಹೀಗೆ. ಲೆಕ್ಕ ಸರಿಯಾದದ್ದೇ, ಆದರೆ ಸೆಲ್ ಸರಿಯಿದ್ದರೆ ಮಾತ್ರ.

ಯಾವ ಸೆಲ್ ಎಂಬುದು ಮೊದಲ ಪ್ರಶ್ನೆ. ಲೀಥಿಯಂ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕುಲಗಳಿವೆ. ಲ್ಯಾಪ್‌ಟಾಪ್, ಫೋನು, ಹಲವು ವಿದ್ಯುತ್ ಸ್ಕೂಟರ್‌ಗಳಲ್ಲಿ ಇರುವುದು ಕೋಬಾಲ್ಟ್, ನಿಕ್ಕಲ್ ಬೆರೆತ ಬಗೆ. 3.6 ಅಥವಾ 3.7 ವೋಲ್ಟ್ ಎಂದು ಬರೆದಿರುತ್ತದೆ, ತುಂಬಿದಾಗ 4.2 ವೋಲ್ಟ್. ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು. ಆದರೆ ಕಾವು ಮೀರಿದರೆ ಇದರ ಕ್ಯಾಥೋಡ್ ತಾನೇ ಆಮ್ಲಜನಕ ಬಿಡುತ್ತದೆ. ಉರಿಯಲು ಬೇಕಾದದ್ದೆಲ್ಲ ಡಬ್ಬಿಯೊಳಗೇ ಸಿಕ್ಕಿದ ಮೇಲೆ ಆ ಬೆಂಕಿಯನ್ನು ಆರಿಸುವುದು ಬಹಳ ಕಷ್ಟ. ಇನ್ನೊಂದು ಕುಲ ಲೀಥಿಯಂ ಐರನ್ ಫಾಸ್ಫೇಟ್. ಬಳಸುವವರ ಬಾಯಲ್ಲಿ ಎಲ್‌ಎಫ್‌ಪಿ. ಇದು 3.2 ವೋಲ್ಟಿನದು, ತುಂಬಿದಾಗ 3.65, ಖಾಲಿಯಾದಾಗ 2.5. ಇದರಲ್ಲಿ ಆಮ್ಲಜನಕವನ್ನು ರಂಜಕ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಹಾಗಾಗಿ ಸುಲಭಕ್ಕೆ ಕೆರಳುವುದಿಲ್ಲ. ಅತಿಯಾಗಿ ಹಿಂಸಿಸಿದರೆ ಇದೂ ಊದಿಕೊಂಡು ಉರಿಯಬಲ್ಲ ಅನಿಲ ಕಾರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಈ ಎಲ್‌ಎಫ್‌ಪಿ ಕತೆಯಲ್ಲಿ ಕನ್ನಡಿಗರ ಕಿವಿ ನಿಮಿರಿಸುವ ಒಂದು ಹೆಸರಿದೆ. ಸೋನಿ ಕಂಪನಿ ಮೊದಲ ಲೀಥಿಯಂ-ಅಯಾನ್ ಸೆಲ್ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದಾಗಿ ಆರು ವರ್ಷಕ್ಕೆ, 1997ರಲ್ಲಿ, ಕಬ್ಬಿಣದ ಫಾಸ್ಫೇಟನ್ನೂ ಕ್ಯಾಥೋಡ್ ಆಗಿ ಬಳಸಬಹುದೆಂದು ತೋರಿಸಿದ ಪ್ರಬಂಧ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಹೊರಬಂತು. ಅದರ ಮೇಲಿದ್ದ ಹೆಸರುಗಳು ಮೂರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಜಾನ್ ಗುಡ್‌ಇನಫ್ ಅವರಿಗೆ ಲೀಥಿಯಂ ಬ್ಯಾಟರಿಯ ಒಟ್ಟು ಕೆಲಸಕ್ಕಾಗಿ 2019ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ನೊಬೆಲ್ ಬಂತು. ಇವತ್ತು ಹಳ್ಳಿಯ ತೋಟದ ಮನೆಯ ಇನ್ವರ್ಟರಿಗೆ ಸೇರುತ್ತಿರುವ ನೀಲಿ ಹೊದಿಕೆಯ ಚೌಕ ಸೆಲ್‌ಗಳ ಮೂಲ ಆ ಪ್ರಬಂಧದಲ್ಲಿದೆ.

ಮನೆಯ ಬ್ಯಾಕಪ್‌ಗೆ ಎಲ್‌ಎಫ್‌ಪಿಯೇ ಸರಿ ಎನ್ನಲು ಇನ್ನೊಂದು ಸರಳ ಕಾರಣವಿದೆ. ನಾಲ್ಕು ಸೆಲ್ ಸಾಲಾಗಿ ಜೋಡಿಸಿದರೆ 12.8 ವೋಲ್ಟ್. ಹಳೆಯ 12 ವೋಲ್ಟ್ ಬ್ಯಾಟರಿಯ ಜಾಗಕ್ಕೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ. 100 ಎಎಚ್‌ನ ನಾಲ್ಕು ಸೆಲ್ ಎಂದರೆ 1280 ವ್ಯಾಟ್-ಅವರ್. ಅದರಲ್ಲಿ ಶೇ 80 ಬಳಸಿದರೂ ಸಾವಿರ ಸಿಕ್ಕಿತು. ನಾಲ್ಕು ಎಲ್‌ಇಡಿ ಬಲ್ಬು, ಎರಡು ಬಿಎಲ್‌ಡಿಸಿ ಫ್ಯಾನು, ಟಿವಿ, ವೈಫೈ ಪೆಟ್ಟಿಗೆ, ಮೇಲೆ ಇನ್ವರ್ಟರ್ ತಾನೇ ನುಂಗುವುದು, ಎಲ್ಲ ಸೇರಿ 200 ವ್ಯಾಟ್ ಎಂದಿಟ್ಟುಕೊಂಡರೆ ಐದು ತಾಸು ನಡೆಯುತ್ತದೆ. ಅರ್ಧವನ್ನಷ್ಟೇ ಬಳಸಬೇಕಾದ 150 ಎಎಚ್ ಟ್ಯೂಬುಲರ್ ಬ್ಯಾಟರಿಯೂ ಕೊಡುವುದು ಹೆಚ್ಚುಕಡಿಮೆ ಇಷ್ಟನ್ನೇ. ತೂಕ ಮಾತ್ರ ಅದರದು 50 ಕಿಲೋಗೂ ಮೇಲೆ, ಈ ನಾಲ್ಕು ಸೆಲ್‌ಗಳದು ಎಂಟು ಕಿಲೋ ಸುಮಾರು. ಇದೇ ಕುಲದ ದೊಡ್ಡಣ್ಣ 280 ಎಎಚ್ ಸೆಲ್. ಒಂದೊಂದೂ ಐದೂವರೆ ಕಿಲೋ ತೂಗುವ ಇಂಥ ನಾಲ್ಕರಲ್ಲಿ ಮೂರೂವರೆ ಸಾವಿರ ವ್ಯಾಟ್-ಅವರ್ ಹಿಡಿಯುತ್ತದೆ. ಅದೇ 200 ವ್ಯಾಟಿನ ಮನೆ 14 ತಾಸು ನಿಶ್ಚಿಂತೆಯಿಂದ ಇರಬಹುದು.

ಇನ್ನು ಕೊಳ್ಳುವ ಮಾತು. ವ್ಯಾಪಾರಿಗಳೆಲ್ಲ ಹೇಳುವುದು ಒಂದೇ: ಗ್ರೇಡ್-ಎ, ಹೊಸದು. ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಸೆಲ್ಲಿನ ಸಾಮರ್ಥ್ಯ, ಒಳರೋಧ (ಕರೆಂಟಿನ ಹರಿವಿಗೆ ಸೆಲ್ಲಿನೊಳಗೇ ಇರುವ ತಡೆ), ವೋಲ್ಟೇಜ್ ಅಳೆದು ವಿಂಗಡಿಸುತ್ತಾರೆ. ಒಳ್ಳೆಯವು ವಾಹನ ತಯಾರಕರಿಗೆ, ದೊಡ್ಡ ಸಂಗ್ರಹ ಘಟಕಗಳಿಗೆ ಹೋಗುತ್ತವೆ. ಸಾಮರ್ಥ್ಯ ಒಂದಿಷ್ಟು ಕಡಿಮೆ ಬಂದದ್ದು, ಮೈ ತರಚಿದ್ದು, ಗೋದಾಮಿನಲ್ಲಿ ಬಹಳ ದಿನ ಕೂತದ್ದು ಅಗ್ಗದ ಬೆಲೆಗೆ ವ್ಯಾಪಾರಿಗಳ ಪಾಲಾಗುತ್ತದೆ. ಬಸ್ಸಿನಿಂದಲೋ ಕಾರಿನಿಂದಲೋ ಕಳಚಿದ ಹಳೆಯ ಸೆಲ್ಲಿಗೆ ಹೊಸ ನೀಲಿ ಹೊದಿಕೆ ತೊಡಿಸಿ ಮಾರುವವರೂ ಇದ್ದಾರೆ. ಎರಡನೆಯ ದರ್ಜೆಯದ್ದನ್ನು ಎರಡನೆಯ ದರ್ಜೆ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಕೊಟ್ಟರೆ ತಪ್ಪೇನಿಲ್ಲ. ಮನೆಯ ಕೆಲಸಕ್ಕೆ ಅದು ಚೆನ್ನಾಗಿಯೇ ಬಾಳುತ್ತದೆ. ಸುಳ್ಳು ಹೇಳಿ ಮಾರಿದಾಗ ಹಾಳಾಗುವುದು ದುಡ್ಡು ಮಾತ್ರವಲ್ಲ. ನಾಲ್ಕರಲ್ಲಿ ಒಂದು ಸೊರಗಿದ್ದರೆ ಇಡೀ ಪ್ಯಾಕು ಆ ಒಂದರ ಶಕ್ತಿಗೇ ಇಳಿಯುತ್ತದೆ.

ಸೆಲ್ಲಿನ ಜಾತಕ ಅದರ ನೆತ್ತಿಯ ಮೇಲೇ ಇರುತ್ತದೆ. ಎರಡು ಟರ್ಮಿನಲ್‌ಗಳ ನಡುವೆ ಲೇಸರ್‌ನಲ್ಲಿ ಕೆತ್ತಿದ ಪುಟ್ಟ ಕ್ಯೂಆರ್ ಕೋಡ್. ಮೊಬೈಲಿನಿಂದ ಓದಿಸಿದರೆ 24 ಅಕ್ಷರಗಳ ಸಾಲೊಂದು ಬರುತ್ತದೆ. ಚೀನಾದಲ್ಲಿ ವಾಹನ ಬ್ಯಾಟರಿಗಳಿಗೆ 2017ರಲ್ಲಿ ಬಂದ ಮಾನಕ ಇದು. ಮೊದಲ ಮೂರು ಅಕ್ಷರ ತಯಾರಕರದು: 04ಕ್ಯೂ ಎಂದರೆ ಈವ್ ಕಂಪನಿ, 001 ಎಂದರೆ ಸಿಎಟಿಎಲ್. ನಾಲ್ಕನೆಯದು ಸಿ ಆಗಿದ್ದರೆ ಅದು ಬಿಡಿ ಸೆಲ್. ಐದನೆಯದು ಬಿ ಆಗಿದ್ದರೆ ಎಲ್‌ಎಫ್‌ಪಿ. ಕೊಳ್ಳುವವರಿಗೆ ಮುಖ್ಯವಾದದ್ದು 15, 16, 17ನೆಯ ಅಕ್ಷರಗಳು, ಏಕೆಂದರೆ ಹುಟ್ಟಿದ ದಿನ ಅಲ್ಲಿದೆ. 2020ಕ್ಕೆ ಎ, 2021ಕ್ಕೆ ಬಿ, ಹೀಗೆ ವರ್ಷ, ಮುಂದಿನದು ತಿಂಗಳು, ಆಮೇಲಿನದು ದಿನ. ಡಿ, 5, ಎ ಎಂದಿದ್ದರೆ 2023ರ ಮೇ 10. ನಾಲ್ಕೂ ಸೆಲ್ಲು ಒಂದೇ ವಾರದ ಆಸುಪಾಸಿನಲ್ಲಿ ಹುಟ್ಟಿದ್ದರೆ ಒಳ್ಳೆಯದು. ಒಂದು 2020ರದು, ಇನ್ನೊಂದು 2023ರದು ಎಂದಾದರೆ ಎಲ್ಲೆಲ್ಲಿಂದಲೋ ಹೆಕ್ಕಿ ತಂದದ್ದೆಂದು ತಿಳಿಯಬೇಕು. ಕೋಡಿನ ಜಾಗದಲ್ಲಿ ಉಜ್ಜಿದ ಗುರುತಿದ್ದರೆ, ಅದರ ಮೇಲೆ ಹೊಸದನ್ನು ಕೆತ್ತಿದಂತಿದ್ದರೆ, ಕೋಡೇ ಇಲ್ಲದಿದ್ದರೆ ಅನುಮಾನ ಪಡಬೇಕು. ಕಾರ್ಖಾನೆಯ ಪರೀಕ್ಷಾ ವರದಿ ಕೇಳುವುದು ಕೊಳ್ಳುವವರ ಹಕ್ಕು. ವರದಿಯಲ್ಲಿನ ಸಂಖ್ಯೆಯೂ ನೆತ್ತಿಯ ಮೇಲಿನ ಸಂಖ್ಯೆಯೂ ತಾಳೆಯಾಗದಿದ್ದರೆ ಅದು ಬರೀ ಕಾಗದ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತರುವುದಕ್ಕೂ ದೂರದಿಂದ ತರಿಸುವುದಕ್ಕೂ ವ್ಯತ್ಯಾಸವಿದೆ. ಲೀಥಿಯಂ ಬ್ಯಾಟರಿ ಸಾಗಣೆಯಲ್ಲಿ ಅಪಾಯಕಾರಿ ಸರಕೆಂದು ಲೆಕ್ಕ. 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಬಿಡಿ ಬ್ಯಾಟರಿಯ ಸರಕು ಒಯ್ಯುವಂತಿಲ್ಲ. ಸರಕು ವಿಮಾನದಲ್ಲಾದರೂ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಕೂಡದು. ಅಂಗಡಿಯಲ್ಲಿ ಕೊಂಡರೆ ಕೋಡು ಓದಿಸಿ, ವೋಲ್ಟೇಜ್ ನೋಡಿ, ಹೊಟ್ಟೆ ಊದಿದ್ದನ್ನು ಬದಿಗಿಡಬಹುದು. ಪೋರ್ಟಬಲ್ ಬಳಕೆಯ ಲೀಥಿಯಂ ಸೆಲ್‌ಗಳಿಗೆ ಐಎಸ್ 16046 ಮಾನಕದಡಿ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಕಡ್ಡಾಯವಾಗಿದ್ದು, ಅಂಥ ಸೆಲ್ಲಿನ ಮೇಲಿನ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಸೆಲ್ ಮನೆಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಕಣ್ಣಿನಿಂದ. ಉಕ್ಕಿನ ಸ್ಕೇಲನ್ನು ಅಗಲ ಮೈಗೆ ಅಡ್ಡಡ್ಡ ಒತ್ತಿ ಹಿಡಿದರೆ ಎಷ್ಟು ಉಬ್ಬಿದೆ ಎಂದು ಗೊತ್ತಾಗುತ್ತದೆ. ಎಲೆಕ್ಟ್ರೊಲೈಟ್ ಸೋರಿದ್ದರೆ ನೇಲ್ ಪಾಲಿಶ್ ತೆಗೆಯುವ ದ್ರವದಂಥ ಸಿಹಿ ವಾಸನೆ ಬರುತ್ತದೆ. ಬಂದರೆ ಆ ಸೆಲ್ ಮನೆಯೊಳಗೆ ಇರಕೂಡದು.

ಆಮೇಲೆ ಮಲ್ಟಿಮೀಟರು. ಹೊಸಬರು ಎಡವುವುದು ಇಲ್ಲಿಯೇ. ನಾಲ್ಕೂ ಸೆಲ್ 3.29 ವೋಲ್ಟ್ ತೋರಿಸಿದರೆ ನಾಲ್ಕೂ ಒಂದೇ ಸಮ ಎಂದು ಸಂತೋಷಪಡುತ್ತಾರೆ. ಎಲ್‌ಎಫ್‌ಪಿಯ ಗುಣ ಬೇರೆ. ಅದರ ವೋಲ್ಟೇಜು ಬಯಲುಸೀಮೆಯ ರಸ್ತೆಯಂತೆ: ತುದಿಯಲ್ಲೊಂದು ಏರು, ಇನ್ನೊಂದು ತುದಿಯಲ್ಲಿ ಇಳಿಜಾರು, ನಡುವೆಯೆಲ್ಲ ಚಪ್ಪಟೆ. ಶೇ 40 ತುಂಬಿದ್ದಕ್ಕೂ 60 ತುಂಬಿದ್ದಕ್ಕೂ ಇರುವ ಅಂತರ ಒಂದು ವೋಲ್ಟಿನ ನೂರರಲ್ಲಿ ಒಂದೆರಡು ಪಾಲಷ್ಟೆ. ಸಾದಾ ಮೀಟರಿಗೆ ಅದನ್ನು ಹಿಡಿಯುವುದೂ ಕಷ್ಟ. ಹಾಗಾದರೆ ವೋಲ್ಟೇಜ್ ನೋಡಿ ಏನು ಫಲ? ಸತ್ತದ್ದನ್ನು ಗುರುತಿಸಲು. ಎಲ್ಲ 3.29 ಇರುವಾಗ ಒಂದು 2.9 ಅಥವಾ ಅದಕ್ಕೂ ಕೆಳಗೆ ಇದ್ದರೆ ಅದು ತನ್ನೊಳಗೇ ಸೋರುತ್ತಿದೆ ಅಥವಾ ಯಾರೋ ಅದನ್ನು ಹಿಂಡಿ ಬಿಟ್ಟಿದ್ದಾರೆ. 2 ವೋಲ್ಟಿಗೂ ಕೆಳಗೆ ಬಿದ್ದದ್ದನ್ನು ಚಾರ್ಜ್ ಮಾಡಿ ಬದುಕಿಸುವ ಆಸೆ ಬೇಡ. ತೀರ ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸೂಜಿಯಂತೆ ಬೆಳೆದು ಪ್ಲಸ್–ಮೈನಸ್ ನಡುವಿನ ತೆಳು ಪರದೆಯನ್ನು ತೂತು ಮಾಡಬಹುದು.

ಮುಂದಿನದು ಒಳರೋಧ. 280 ಎಎಚ್ ಸೆಲ್ಲಿನ ಒಳರೋಧ ಒಂದು ಓಮ್‌ನ ಹತ್ತುಸಾವಿರದಲ್ಲಿ ಎರಡು ಪಾಲು, ಅಂದರೆ 0.2 ಮಿಲಿಓಮ್ ಆಸುಪಾಸು. ಮಲ್ಟಿಮೀಟರಿನ ತಂತಿಯ ರೋಧವೇ ಅದಕ್ಕಿಂತ ನೂರಾರು ಪಟ್ಟು ಹೆಚ್ಚು. ಹಾಗಾಗಿ ಇದಕ್ಕೆ ನಾಲ್ಕು ತಂತಿಯ ಪ್ರತ್ಯೇಕ ಮೀಟರೇ ಬೇಕು: ಎರಡು ತಂತಿ ಕರೆಂಟು ಹರಿಸುತ್ತವೆ, ಉಳಿದೆರಡು ವೋಲ್ಟೇಜ್ ಅಳೆಯುತ್ತವೆ. ನಾಲ್ಕೂ ಸೆಲ್ ಒಂದಕ್ಕೊಂದು ಹತ್ತಿರ ಇವೆಯೇ ಎಂಬುದನ್ನು ನೋಡಬೇಕು. ಮೂರು 0.18 ಇದ್ದು ನಾಲ್ಕನೆಯದು 0.35 ಎಂದರೆ ಅದು ಬೇರೆ ಮನೆಯ ಕೂಸು.

ಇದೇ ಅಂಕೆ ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತದೆ. 3.2 ವೋಲ್ಟನ್ನು 0.0002 ಓಮ್‌ನಿಂದ ಭಾಗಿಸಿದರೆ 16,000 ಆಂಪಿಯರ್. ಲೆಕ್ಕದ ಪೂರ್ತಿ ಕರೆಂಟು ಹರಿಯದಿದ್ದರೂ ಕೈಜಾರಿದ ಸ್ಪ್ಯಾನರ್ ಎರಡು ಟರ್ಮಿನಲ್ಲಿಗೆ ಅಡ್ಡ ಬಿದ್ದರೆ ಕೆಂಪಗೆ ಕಾಯಲು ಕ್ಷಣ ಸಾಕು. ಮುಟ್ಟಿದರೆ ಶಾಕ್ ಹೊಡೆಯದ ಬರೀ 12 ವೋಲ್ಟ್ ಎಂದು ಸದರ ಮಾಡುವವರು ಈ ಲೆಕ್ಕ ನೆನಪಿಡಬೇಕು. ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟು, ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ ಕೂರುವುದು ಈ ಕೆಲಸದ ಶಿಸ್ತು. ಪ್ಯಾಕಿನ ಪ್ಲಸ್ ತಂತಿಗೆ ಇಷ್ಟು ದೊಡ್ಡ ಕರೆಂಟನ್ನು ಕತ್ತರಿಸಬಲ್ಲ ಕ್ಲಾಸ್-ಟಿ ಬಗೆಯ ಫ್ಯೂಸ್ ಬೇಕು. ಕಾರಿನ ಪ್ಲಾಸ್ಟಿಕ್ ಫ್ಯೂಸು ಇದರ ಮುಂದೆ ನಿಲ್ಲುವುದಿಲ್ಲ.

ಸೆಲ್‌ಗಳನ್ನು ಸಾಲಾಗಿ ಜೋಡಿಸುವ ಮುಂಚೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತುಂಬಿಸಬೇಕು. ಇದಕ್ಕೆ ಟಾಪ್ ಬ್ಯಾಲೆನ್ಸ್ ಎನ್ನುತ್ತಾರೆ. ನಾಲ್ಕೂ ಸೆಲ್‌ಗಳ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ, ವೋಲ್ಟೇಜ್ ಹೊಂದಿಸಬಲ್ಲ ಪವರ್ ಸಪ್ಲೈಯನ್ನು 3.65ಕ್ಕೆ ಇಟ್ಟು ಕಾಯಬೇಕು. ಕಾಯುವುದೇ ಇಲ್ಲಿ ದೊಡ್ಡ ಕೆಲಸ. 10 ಆಂಪಿಯರ್‌ನಲ್ಲಿ 100 ಎಎಚ್‌ನ ನಾಲ್ಕು ಸೆಲ್ ತುಂಬಲು ಒಂದೂವರೆ ದಿನವಾದರೂ ಹಿಡಿಯುತ್ತದೆ. ಗಂಟೆಗಟ್ಟಲೆ ಮೀಟರು 3.34ರಲ್ಲೇ ಮಲಗಿರುವುದನ್ನು ಕಂಡು ತಾಳ್ಮೆಗೆಟ್ಟವರು ಬೇಗ ಆಗಲೆಂದು ವೋಲ್ಟೇಜ್ ಗುಂಡಿಯನ್ನು 4, 5ಕ್ಕೆ ತಿರುಗಿಸಿ ಮಲಗಲು ಹೋಗುತ್ತಾರೆ. ಚಪ್ಪಟೆ ರಸ್ತೆ ಮುಗಿದು ಏರು ಶುರುವಾದ ಮೇಲೆ ವೋಲ್ಟೇಜ್ ನಿಮಿಷಗಳಲ್ಲಿ ಜಿಗಿಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೂ ಸೆಲ್ ದಿಂಬಿನಂತೆ ಊದಿರುತ್ತವೆ. ಸೆಲ್ ಜೋಡಿಸುವ ಮುಂಚೆಯೇ 3.65ಕ್ಕೆ ಹೊಂದಿಸಿ, ಮೀಟರಿನಿಂದ ತಾಳೆ ನೋಡಿ, ಆಮೇಲೆ ಆ ಗುಂಡಿ ಮುಟ್ಟದಿರುವುದೇ ದಾರಿ. ಎಷ್ಟೇ ಆಗಲಿ, ಯಾರೂ ಇಲ್ಲದ ಮನೆಯಲ್ಲಿ ಅದನ್ನು ಹಾಗೆ ಬಿಟ್ಟುಹೋಗಬಾರದು.

ಆಮೇಲೆ ಬಿಎಂಎಸ್. ಅಂಗೈಯಷ್ಟಗಲದ ಈ ಕಾವಲು ಸರ್ಕ್ಯೂಟ್ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ಪ್ಯಾಕಿನ ಕಾವನ್ನೂ ನೋಡುತ್ತಿದ್ದು, ಯಾವುದೇ ಒಂದು ಮಿತಿ ಮೀರಿದರೂ ಸಂಪರ್ಕ ಕಡಿಯುತ್ತದೆ. ದುಡ್ಡು ಉಳಿಸಲು ಇದನ್ನು ಬಿಡುವವರು ಮನೆಯನ್ನು ಪಣಕ್ಕಿಟ್ಟಂತೆ. ಬ್ಲೂಟೂತ್ ಇರುವ ಬಿಎಂಎಸ್ ಆದರೆ ನಾಲ್ಕೂ ಸೆಲ್‌ಗಳ ವೋಲ್ಟೇಜು ಮೊಬೈಲಿನಲ್ಲೇ ಕಾಣುತ್ತದೆ; ನಿಜವಾದ ಪರೀಕ್ಷೆಗೆ ಅದೇ ಕಣ್ಣು.

ಆ ಪರೀಕ್ಷೆ ಎಂದರೆ ಸಾಮರ್ಥ್ಯದ್ದು: ಪೂರ್ತಿ ತುಂಬಿಸಿ, ಪೂರ್ತಿ ಬರಿದು ಮಾಡಿ, ಎಷ್ಟು ಆಂಪಿಯರ್-ಅವರ್ ಹೊರಬಂತೆಂದು ಎಣಿಸುವುದು. ಎಲೆಕ್ಟ್ರಾನಿಕ್ ಲೋಡ್ ಎಂಬ ಯಂತ್ರ ಇದನ್ನು ತಾನೇ ಮಾಡುತ್ತದೆ. ಅದಿಲ್ಲದವರಿಗೆ ಕಾರಿನ ಹೆಡ್‌ಲೈಟ್ ಬಲ್ಬು ಸಾಕು. 12 ವೋಲ್ಟಿನ, 55 ವ್ಯಾಟಿನ ಎರಡು ಹ್ಯಾಲೋಜನ್ ಬಲ್ಬುಗಳನ್ನು ಗ್ರಾನೈಟ್ ಚಪ್ಪಡಿಯ ಮೇಲಿಟ್ಟು (ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾಯುತ್ತವೆ), ನಡುವೆ ಆಂಪಿಯರ್-ಅವರ್ ಎಣಿಸುವ ಚಿಕ್ಕ ಡಿಸಿ ಮೀಟರು ಸೇರಿಸಿ, ಪ್ಯಾಕಿಗೆ ಕೊಟ್ಟರೆ ಒಂಬತ್ತು ಆಂಪಿಯರ್‌ನಷ್ಟು ಹರಿಯುತ್ತದೆ. 100 ಎಎಚ್ ಪ್ಯಾಕು ಬರಿದಾಗಲು 11 ತಾಸು. ಬೆಳಿಗ್ಗೆ ಆರಕ್ಕೆ ಸ್ವಿಚ್ ಹಾಕಿದರೆ ಸಂಜೆ ಐದಕ್ಕೆ ಮುಗಿಯುವ ಕೆಲಸ. ಮೊದಲ ಕೆಲವು ನಿಮಿಷಗಳಲ್ಲೇ ಸೆಲ್‌ಗಳು 3.3ರ ಹತ್ತಿರ ಇಳಿದು ನಿಲ್ಲುತ್ತವೆ. ತಿಂಡಿ ಮುಗಿಯಿತು, ಊಟ ಮುಗಿಯಿತು, ಅಂಕೆ ಹೆಚ್ಚುಕಡಿಮೆ ಅಲ್ಲೇ ಇದೆ. ಸಂಜೆ ನಾಲ್ಕು ಗಂಟೆ ಕಳೆದ ಮೇಲೆ ಚೇರು ಎಳೆದುಕೊಂಡು ಕೂರಬೇಕು. 3.15, 3.1, ಅಂಕೆಗಳು ಈಗ ನೋಡನೋಡುತ್ತ ಇಳಿಯುತ್ತವೆ. ಮೂರು ಸೆಲ್ 3.05ರಲ್ಲಿ ಒಟ್ಟಿಗಿರುವಾಗ ಒಂದು ಮಾತ್ರ 2.9, 2.8, 2.6 ಎಂದು ಕಾಲು ಜಾರಿದವರಂತೆ ಬೀಳುತ್ತದೆ. ಅದು 2.5 ಮುಟ್ಟಿದೊಡನೆ ಬಿಎಂಎಸ್ ಕಡಿಯಿತು, ಬಲ್ಬು ಆರಿತು. ಮೀಟರಿನಲ್ಲಿ ನಿಂತ ಅಂಕೆ ಪ್ಯಾಕಿನ ಸಾಮರ್ಥ್ಯ. ಮೊದಲು ಬಿದ್ದದ್ದು ನಾಲ್ವರಲ್ಲಿ ಬಡವ. ಎಲ್ಲವೂ ಮೇಲಿನ ಮಟ್ಟದಲ್ಲಿ ಸಮವಾಗಿದ್ದು ಶುರುವಾದದ್ದರಿಂದ ಕೆಳಗೆ ಕಂಡ ವ್ಯತ್ಯಾಸ ಸೆಲ್ಲಿನದೇ.

100 ಎಎಚ್ ಎಂದು ಕೊಂಡ ಪ್ಯಾಕು 101, 102 ಕೊಟ್ಟರೆ ವ್ಯಾಪಾರಿಯ ಮಾತು ನಿಜ. ನಾಮಾಂಕಿತಕ್ಕಿಂತ ಸ್ವಲ್ಪ ಹೆಚ್ಚು ಕೊಡುವುದು ಹೊಸ ಒಳ್ಳೆಯ ಸೆಲ್ಲಿನ ಲಕ್ಷಣ. 94 ಬಂದರೆ ಎರಡನೆಯ ದರ್ಜೆ. 80 ಬಂದರೆ ಅದು ಎಲ್ಲೋ ಒಂದು ವಾಹನದಲ್ಲಿ ದುಡಿದು ಬಂದದ್ದಿರಬೇಕು. ವಾಹನದವರು ಬ್ಯಾಟರಿಯನ್ನು ನಿವೃತ್ತಿಗೊಳಿಸುವುದು ಸಾಮಾನ್ಯವಾಗಿ ಆ ಮಟ್ಟಕ್ಕೇ. ಮನೆಗೆ ಅದೂ ಆಗುತ್ತದೆ, ಹೊಸದರ ಬೆಲೆ ಕೊಡದಿದ್ದರೆ. ಮೀಟರಿನ ಅಂಕೆಯ ಫೋಟೊ, ಬಿಎಂಎಸ್ ತೆರೆಯ ಚಿತ್ರ ಇಟ್ಟುಕೊಂಡವರಿಗೆ ಅಂಗಡಿಯವರೊಂದಿಗೆ ಮಾತಾಡಲು ಆಧಾರವಿರುತ್ತದೆ. ಹಾಗಾಗಿ ವಾಪಸಾತಿಯ ಗಡುವಿನೊಳಗೇ ಈ ಪರೀಕ್ಷೆ ಮುಗಿಸಬೇಕು. ಪೆಟ್ಟಿಗೆ ಬಿಚ್ಚದೆ ಆರು ತಿಂಗಳು ಅಟ್ಟದ ಮೇಲಿಟ್ಟವರ ದೂರನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಪರೀಕ್ಷೆಗೆ ಬೇರೆ ಯಂತ್ರ ಬೇಡ, ಮೀಟರಿನ ಜೊತೆ ಕ್ಯಾಲೆಂಡರ್ ಸಾಕು. ತುಂಬಿದ ಸೆಲ್‌ಗಳನ್ನು ಬಿಡಿಬಿಡಿಯಾಗಿಟ್ಟು, ವೋಲ್ಟೇಜ್ ಬರೆದು, ತಿಂಗಳ ನಂತರ ಮತ್ತೆ ಅಳೆಯುವುದು. ಉಳಿದವುಗಳಿಗಿಂತ ಎದ್ದು ಕಾಣುವಂತೆ ಇಳಿದದ್ದು ಒಳಗೊಳಗೇ ಸೋರುತ್ತಿರುವ ಸೆಲ್.

ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ 18650 ಸೆಲ್ ಹೆಕ್ಕುವವರದು ಬೇರೆಯೇ ಲೋಕ. ಆರು ಸೆಲ್ಲಿನ ಪ್ಯಾಕಿನಲ್ಲಿ ಒಂದು ಜೋಡಿ ಕೆಟ್ಟರೂ ಲ್ಯಾಪ್‌ಟಾಪ್ ಇಡೀ ಬ್ಯಾಟರಿಯನ್ನು ತಿರಸ್ಕರಿಸುತ್ತದೆ, ಉಳಿದ ನಾಲ್ಕು ಗಟ್ಟಿಯಾಗಿಯೇ ಇರಬಹುದು. ಈ ಎಳೆ ಹಿಡಿದು ಭಾರತದ ಐಬಿಎಂ ಸಂಶೋಧನಾ ವಿಭಾಗದವರು 2014ರಲ್ಲಿ 'ಊರ್ಜಾರ್' ಎಂಬ ಪೆಟ್ಟಿಗೆ ಮಾಡಿದ್ದರು. ಊರ್ಜಾ ಮತ್ತು ಜಾರ್ ಸೇರಿದ ಹೆಸರು. ಎಸೆದ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಒಳ್ಳೆಯ ಸೆಲ್ ಆರಿಸಿ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಚಿಕ್ಕ ಫ್ಯಾನು ನಡೆಸುವುದು ಅದರ ಕೆಲಸ. ಬೆಂಗಳೂರಿನಲ್ಲೇ ಅದರ ಪ್ರಯೋಗ ನಡೆಯಿತು. ಅವರು ಪರೀಕ್ಷಿಸಿದ ಎಸೆದ ಬ್ಯಾಟರಿಗಳಲ್ಲಿ ಬಹುಪಾಲು ದಿನಕ್ಕೆ ನಾಲ್ಕು ತಾಸಿನಂತೆ ಒಂದು ವರ್ಷ ದೀಪ ಉರಿಸಬಲ್ಲವಾಗಿದ್ದವು.

ದೀಪಕ್ಕೆ ಒಪ್ಪಿದ ಈ ದಾರಿ ಇಡೀ ಮನೆಗೆ ಒಪ್ಪುವುದಿಲ್ಲ. 2200 ಎಂಎಎಚ್‌ನ ಒಂದು ಸೆಲ್ ಎಂದರೆ ಎಂಟು ವ್ಯಾಟ್-ಅವರ್ ಕೂಡ ತುಂಬದು. ಒಂದು ಕಿಲೋವ್ಯಾಟ್-ಅವರ್ ಆಗಲು ಸುಮಾರು 130 ಸೆಲ್, ಪ್ರತಿಯೊಂದಕ್ಕೂ ಎರಡು ಕಡೆ ಬೆಸುಗೆ, ಒಂದು ಪುಟ್ಟ ಫ್ಯೂಸ್ ತಂತಿ. ಪ್ರತಿಯೊಂದನ್ನೂ ಚಾರ್ಜರಿನಲ್ಲಿ ಹಾಕಿ, ಬರಿದು ಮಾಡಿ, ಸಾಮರ್ಥ್ಯ ಬರೆದು, ತಿಂಗಳು ಕಾಯಿಸಿ, 4.2ರಿಂದ 4.1ಕ್ಕೂ ಕೆಳಗೆ ಇಳಿದದ್ದನ್ನು ತೆಗೆದು, ಚಾರ್ಜಿನಲ್ಲಿ ಕೈ ಸುಡುವಂತೆ ಕಾಯುವುದನ್ನು ಅಲ್ಲಿಗೇ ತೆಗೆದು, ಉಳಿದವನ್ನು ಒಂದೇ ಮೊತ್ತ ಬರುವಂತೆ ಗುಂಪು ಮಾಡಬೇಕು. ಕಲಿಯುವ ಹುಮ್ಮಸ್ಸಿರುವವರಿಗೆ ಇದು ಒಳ್ಳೆಯ ಶಾಲೆ. ಆದರೆ ಚರಿತ್ರೆ ಗೊತ್ತಿಲ್ಲದ 130 ಸೆಲ್‌ಗಳು, ಅದೂ ಬೇಗ ಬೆಂಕಿ ಹಿಡಿಯುವ ಕುಲದವು, ಮಕ್ಕಳು ಮಲಗುವ ಮನೆಯೊಳಗೆ ರಾತ್ರಿಯಿಡೀ ಚಾರ್ಜ್ ಆಗುತ್ತಿರುವುದು ಒಪ್ಪಬೇಕಾದ ಮಾತಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ವಾಹನ ಬ್ಯಾಟರಿಗಳ ಎಐಎಸ್-156 ಮಾನಕವನ್ನೇ ಬಿಗಿ ಮಾಡಬೇಕಾಯಿತು. ಮನೆಯಲ್ಲಿ ಕಟ್ಟಿದ ಪ್ಯಾಕನ್ನು ನೋಡಲು ಅಂಥ ಪರೀಕ್ಷಕರು ಬರುವುದಿಲ್ಲ.

ಕಟ್ಟಿದ ಎಲ್‌ಎಫ್‌ಪಿ ಪ್ಯಾಕನ್ನು ಹಳೆಯ ಇನ್ವರ್ಟರಿಗೆ ಸಿಕ್ಕಿಸುವಾಗಲೂ ಒಂದು ಕಡೆ ನೋಡಬೇಕು. ಸೀಸದ ಬ್ಯಾಟರಿಗೆಂದು ಮಾಡಿದ ಕೆಲವು ಇನ್ವರ್ಟರುಗಳು ಆಗಾಗ 15 ವೋಲ್ಟಿಗೂ ಮೇಲೆ ಚಾರ್ಜ್ ಮಾಡುತ್ತವೆ, ಎಲ್‌ಎಫ್‌ಪಿಯ ಗಡಿ 14.6. ಲೀಥಿಯಂ ಎಂಬ ಆಯ್ಕೆ ಇರುವ ಇನ್ವರ್ಟರೇ ಬೇಕು. ದಿನನಿತ್ಯಕ್ಕೆ 14 ವೋಲ್ಟಿಗೇ ನಿಲ್ಲಿಸಿದರೂ ಸೆಲ್ ಬಹುಪಾಲು ತುಂಬಿರುತ್ತದೆ, ಆಯಸ್ಸೂ ಹೆಚ್ಚುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಟರ್ಮಿನಲ್ಲಿಗೆ ಬರೀ ತಾಮ್ರದ ಪಟ್ಟಿ ಬಿಗಿದರೆ ಬೇಗ ಕಿಲುಬು ಹಿಡಿಯುತ್ತದೆ. ನಿಕ್ಕಲ್ ಲೇಪನದ್ದು ಒಳ್ಳೆಯದು. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ ಇಡಬಾರದು, ಯಾಕೆಂದರೆ ಲೀಥಿಯಂ ಸೆಲ್ಲನ್ನು ಬೇಗ ಮುದಿಯಾಗಿಸುವುದು ಸೆಕೆ.

ಪರೀಕ್ಷೆಯಲ್ಲಿ ಸೋತ ಸೆಲ್‌ಗಳನ್ನು ಏನು ಮಾಡುವುದು? ಕಸದ ಗಾಡಿಗೆ ಹಾಕಿದರೆ ಅಲ್ಲಿ ಜಜ್ಜಿಹೋಗಿ ಗಾಡಿಗೇ ಬೆಂಕಿ ಬೀಳಬಹುದು. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮನೆಗಸದಿಂದ ಬೇರೆ ಇಡುವ ಹೊಣೆಯನ್ನು ಬಳಕೆದಾರರಿಗೂ, ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರಿಗೂ ಹೊರಿಸಿವೆ. ಟರ್ಮಿನಲ್ಲಿಗೆ ಟೇಪ್ ಸುತ್ತಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು. ಅಲ್ಲಿಯವರೆಗೆ ಮನೆಯ ಹೊರಗೆ, ಒಣ ಮರಳು ತುಂಬಿದ ಲೋಹದ ಬಕೆಟ್ಟಿನಲ್ಲಿರಲಿ.

ಗೆದ್ದ ಸೆಲ್‌ಗಳ ಬದಿಗೆ ಕಪ್ಪು ಮಾರ್ಕರಿನಲ್ಲಿ ಮೂರು ಅಂಕೆ ಬರೆಯುತ್ತಾರೆ, ಈ ಕೆಲಸದಲ್ಲಿ ಪಳಗಿದವರು: ಪರೀಕ್ಷೆಯ ದಿನಾಂಕ, ಒಳರೋಧ, ಆಂಪಿಯರ್-ಅವರ್. ಮುಂದಿನ ವರ್ಷ ಅದೇ ಚಪ್ಪಡಿ, ಅದೇ ಎರಡು ಬಲ್ಬು, ಅದೇ ಬೆಳಗಿನ ಆರು ಗಂಟೆ. ಹೊಸ ಅಂಕೆಯನ್ನು ಹಳೆಯದರ ಕೆಳಗೆ ಬರೆಯಲು ಜಾಗ ಬಿಟ್ಟಿರುತ್ತಾರೆ.